ಜಟಕಾ ಕುದುರೆಗೂ ನೆರಳು, ನೀರು ಬೇಕು

ಮಾನ್ಯರೇ,

ಬೆಂಗಳೂರಿನ ಹಳಬರಿಗೆ ಜಟಕಾ ಎಂದೊಡನೆ ಗೊರಸಿನ ಟಕಟಕ ಸದ್ದು, ಹಸಿ ಹುಲ್ಲಿನ ವಾಸನೆ ಈಗಲೂ ನೆನಪಾಗುತ್ತದೆ. ‘ಸ್ವಲ್ಪ ಮುಂದಕ್ಕೆ ಜರುಗಿ ಸ್ವಾಮಿ’ ಎನ್ನುತ್ತಿದ್ದ ಜಟಕಾದವನ ಮಾತಿನಲ್ಲಿ ಲೆಕ್ಕಾಚಾರವಿತ್ತು. ಎರಡು ಚಕ್ರದ ಗಾಡಿಯಲ್ಲಿ ಭಾರ ಹಿಂದೆ ಬಿದ್ದರೆ ಮೂಕಿ (ಕುದುರೆಯ ಎರಡೂ ಬದಿಗೆ ಚಾಚಿದ ಗಾಡಿಯ ಮರ) ಮೇಲೆದ್ದು ಕುದುರೆಯ ಹೊಟ್ಟೆಪಟ್ಟಿ ಬಿಗಿಯುತ್ತದೆ. ಮುಂದೆ ಹೆಚ್ಚಾದರೆ ಬೆನ್ನು ಹುಣ್ಣಾಗುತ್ತದೆ. ಮೂಕಿ ಬೆನ್ನಿನ ಮೇಲೆ ಹಗುರವಾಗಿ ತೇಲುವಂತಿರಬೇಕು.

ಇಂದು ಮದುವೆ ಸಾರೋಟು ಎಳೆಯುವ ಕುದುರೆಗಳ ವಿಷಯದಲ್ಲಿ ಈ ಎಚ್ಚರ ಕಾಣುತ್ತಿಲ್ಲ. ಗೊರಸು ಬೆಳೆಯುತ್ತಲೇ ಇರುವುದರಿಂದ ಆರರಿಂದ ಎಂಟು ವಾರಕ್ಕೊಮ್ಮೆ ಲಾಳ ಬಿಚ್ಚಿ, ಗೊರಸು ಕತ್ತರಿಸಿ, ಮತ್ತೆ ಹೊಡೆಯಬೇಕು. ದಿನವೂ ಹಿಮ್ಮಡಿಯಿಂದ ಮುಂದಕ್ಕೆ ಕೊಕ್ಕೆ ಎಳೆದು ಕಲ್ಲು, ಸಗಣಿ ತೆಗೆಯಬೇಕು. ಒದ್ದೆ ಲಾಯದಲ್ಲಿ ನಿಂತ ಗೊರಸಿನ ಅಡಿಯ ಮೆತ್ತನೆ ಭಾಗ ಕೊಳೆತು ಕಪ್ಪಾಗಿ ನಾರುತ್ತದೆ.

ಕುದುರೆ ವಾಂತಿ ಮಾಡಲಾರದು. ಹೊಟ್ಟೆಯೂ ಚಿಕ್ಕದು. ಪ್ರೀತಿಯಿಂದಲೇ ಆದರೂ ಹುರುಳಿಯನ್ನು ಒಮ್ಮೆಲೇ ಸುರಿದರೆ ಹೊಟ್ಟೆಶೂಲೆ ಬಂದು ಪ್ರಾಣಕ್ಕೇ ಕುತ್ತಾಗಬಹುದು. ಹುಲ್ಲೇ ಮುಖ್ಯ ಆಹಾರ. ನೆನೆಸಿದ ಹುರುಳಿ, ಬೂಸಾವನ್ನು ಎರಡು ಮೂರು ಹೊತ್ತಿಗೆ ಹಂಚಿ ಕೊಡಬೇಕು. ದಿನಕ್ಕೆ 25ರಿಂದ 40 ಲೀಟರ್ ನೀರು ಬೇಕು, ದುಡಿಯುವ ಕುದುರೆಗೆ ಬೇಸಿಗೆಯಲ್ಲಿ ಇನ್ನೂ ಹೆಚ್ಚು.

1965ರ ಕೇಂದ್ರ ನಿಯಮಗಳ ಪ್ರಕಾರ ದಿನಕ್ಕೆ ಒಂಬತ್ತು ತಾಸು ಮೀರಿ, ವಿಶ್ರಾಂತಿಯಿಲ್ಲದೆ ಸತತ ಐದು ತಾಸು ಮೀರಿ ದುಡಿಸುವಂತಿಲ್ಲ. ಶಿವಾಜಿನಗರ, ಕೆ.ಆರ್. ಮಾರುಕಟ್ಟೆ ಸುತ್ತ ಪಾಲಿಕೆ ಒಂದೆರಡು ನೀರಿನ ತೊಟ್ಟಿ, ನೆರಳಿನ ಚಪ್ಪರ ಒದಗಿಸಲಿ.

– ಕುದುರೆ ಪ್ರಿಯರು, ಬೆಂಗಳೂರು