ಬಣ್ಣದ ನೀರು ಕಾಲುವೆಗೆ ಬೀಳದಂತೆ ಕಾರ್ಬನ್ ಟ್ಯಾಂಕ್ ಸರಿಪಡಿಸಲು ಮನವಿ

ಇವರಿಗೆ: ಮಾನ್ಯ ಆಯುಕ್ತರು
ಇವರಿಂದ: ಕಾಲುವೆ ದಂಡೆಯ ಬಡಾವಣೆಗಳ ನಿವಾಸಿಗಳು

ವಿಷಯ: ಬಟ್ಟೆಗೆ ಬಣ್ಣ ಹಾಕುವ ಘಟಕಗಳ ಕೊಳಚೆ ನೀರಿನಿಂದ ಬಣ್ಣ ತೆಗೆಯುವ ಬಗ್ಗೆ.

ಮಾನ್ಯರೇ,

ಶುದ್ಧೀಕರಣ ಘಟಕದ ಕೊನೆಯ ಪೈಪಿನಿಂದ ಕಾಲುವೆಗೆ ಬೀಳುವ ನೀರು ಇವತ್ತಿಗೂ ಬಣ್ಣದ್ದೇ. ಬೆಳಿಗ್ಗೆ ಕೆಂಪಗಿದ್ದದ್ದು ಸಂಜೆಗೆ ನೀಲಿ. ದಂಡೆಯ ಕಲ್ಲುಗಳ ಮೇಲೆ ನೀರು ಇಳಿದ ಗುರುತು ಗೆರೆಗೆರೆಯಾಗಿ ಕೂತಿದೆ. ಘಟಕದಲ್ಲಿ ಕಾರ್ಬನ್ ಟ್ಯಾಂಕ್, ಅಂದರೆ ಬಣ್ಣ ಹೀರುವ ಇದ್ದಿಲು ತುಂಬಿದ ತೊಟ್ಟಿ, ಇದೆ. ಅದನ್ನು ಹೊಸದಾಗಿ ಹಾಕಿದಾಗ ನೀರು ತಿಳಿಯಾಗೇ ಬರುತ್ತಿತ್ತು. ಆಮೇಲೆ ಒಳಗಿನ ಕಾರ್ಬನ್ ಬದಲಿಸಿದ್ದನ್ನು ನಾವು ಯಾರೂ ಕಂಡಿಲ್ಲ. ಹೊಸ ಘಟಕ ಕಟ್ಟಿ ಅಂತ ನಾವು ಕೇಳುತ್ತಿಲ್ಲ. ಇರುವುದನ್ನು ಸರಿಯಾಗಿ ನಡೆಸಿ ಅನ್ನುವುದೇ ನಮ್ಮ ಬೇಡಿಕೆ.

ಬಟ್ಟೆಯ ಬಣ್ಣ ಸೋಪಿಗೂ ಬಿಸಿಲಿಗೂ ಜಗ್ಗಬಾರದು ಅಂತಲೇ ತಯಾರಾಗುತ್ತದೆ. ಹಾಗಾಗಿ ಘಟಕದ ತೊಟ್ಟಿಯಲ್ಲಿ ಕೊಳಚೆ ತಿನ್ನುವ ಬ್ಯಾಕ್ಟೀರಿಯಾಕ್ಕೂ ಅದು ಸುಲಭಕ್ಕೆ ಜಗ್ಗುವುದಿಲ್ಲ. ಹತ್ತಿ ಬಟ್ಟೆಗೆ ಬಳಸುವ ರಿಯಾಕ್ಟಿವ್ ಬಣ್ಣಗಳಂತೂ ನೀರಿನಲ್ಲಿ ಚೆನ್ನಾಗಿ ಕರಗಿರುತ್ತವೆ. ಕೊಳೆಯನ್ನು ತಳಕ್ಕೆ ಇಳಿಸುವ ಆಲಮ್ (ಪಟಿಕ) ಹಾಕಿದರೂ ಪೂರ್ತಿ ತಳಕ್ಕೆ ಇಳಿಯುವುದಿಲ್ಲ. ಈ ಬಣ್ಣ ಬೆಳಕನ್ನು ತಡೆಯುತ್ತದೆ, ನೀರೊಳಗಿನ ಗಿಡಗಳು ಸೊರಗುತ್ತವೆ. ಬಟ್ಟೆಗೆ ಹೆಚ್ಚಾಗಿ ಬಳಸುವ ಅಜೋ ಎಂಬ ಬಗೆಯ ಬಣ್ಣಗಳು ಗಾಳಿಯಾಡದ ಕೆಸರಿನಲ್ಲಿ ಒಡೆದು ಆರೊಮ್ಯಾಟಿಕ್ ಅಮೈನ್ ಎಂಬ ಬಣ್ಣವಿಲ್ಲದ ರಾಸಾಯನಿಕಗಳಾಗುತ್ತವೆ. ಅವುಗಳಲ್ಲಿ ಕೆಲವು ಕ್ಯಾನ್ಸರ್ ತರುವಂಥವು. ಬಣ್ಣ ಕಾಣಲಿಲ್ಲ ಅಂದ ಮಾತ್ರಕ್ಕೆ ಅಪಾಯ ಹೋಯಿತು ಅಂತಲ್ಲ, ಅಲ್ವಾ? ಆದ್ದರಿಂದ ಕ್ಲೋರಿನ್ ಸುರಿದು ಬಣ್ಣ ಬಿಳಿಚಿಸುವ ದಾರಿ ದಯವಿಟ್ಟು ಬೇಡ. ಬಣ್ಣದ ಅಣುಗಳೇ ನೀರಿನಿಂದ ಹೊರಗೆ ಬರಬೇಕು.

ಆ ಕೆಲಸಕ್ಕೆ ಆಕ್ಟಿವೇಟೆಡ್ ಕಾರ್ಬನ್, ಅಂದರೆ ರಂಧ್ರಗಳು ಹೆಚ್ಚುವಂತೆ ಸಂಸ್ಕರಿಸಿದ ಇದ್ದಿಲು, ಒಳ್ಳೆಯದು. ಅದರ ತುಂಬ ಕಣ್ಣಿಗೆ ಕಾಣದ ರಂಧ್ರಗಳು. ಒಂದು ಗ್ರಾಂ ಕಾರ್ಬನ್‌ನ ಒಳಗೋಡೆಗಳನ್ನೆಲ್ಲ ಲೆಕ್ಕ ಹಾಕಿದರೆ ಸಾಮಾನ್ಯವಾಗಿ 500ರಿಂದ 1500 ಚದರ ಮೀಟರ್ ಜಾಗ ಸಿಗುತ್ತದೆ. ಬಣ್ಣದ ಅಣುಗಳು ಈ ಗೋಡೆಗಳಿಗೆ ಅಂಟಿ ಕೂರುತ್ತವೆ. ಜಾಗ ತುಂಬಿದ ಮೇಲೆ ಬಂದ ಬಣ್ಣ ಹಾಗೇ ಆಚೆ ಹೋಗುತ್ತದೆ. ಈಗ ಆಗುತ್ತಿರುವುದೂ ಅದೇ ಎಂದು ನಮ್ಮ ಅನುಮಾನ.

ಖರೀದಿಯ ವಿಷಯದಲ್ಲಿ ಒಂದು ಮಾತು. ಕಾರ್ಬನ್ ಕೊಳ್ಳುವಾಗ ಅಯೋಡಿನ್ ಸಂಖ್ಯೆ, ಅಂದರೆ ಒಂದು ಗ್ರಾಂ ಕಾರ್ಬನ್ ಎಷ್ಟು ಅಯೋಡಿನ್ ಹೀರುತ್ತದೆ ಅನ್ನುವ ಅಳತೆ, ನೋಡುವುದು ರೂಢಿ. ಆದರೆ ಅಯೋಡಿನ್ ಅಣು ಚಿಕ್ಕದು. 2 ನ್ಯಾನೊಮೀಟರ್‌ಗಿಂತ ಸಣ್ಣ ರಂಧ್ರಕ್ಕೂ ಅದು ನುಗ್ಗುತ್ತದೆ. ದೊಡ್ಡ ಬಣ್ಣದ ಅಣುಗಳಿಗೆ 2ರಿಂದ 50 ನ್ಯಾನೊಮೀಟರ್ ಅಗಲದ ರಂಧ್ರಗಳೂ ಬೇಕು. ಅಯೋಡಿನ್ ಸಂಖ್ಯೆ ಜಾಸ್ತಿ ಇದ್ದರೂ ಆ ಕಾರ್ಬನ್ ನಮ್ಮ ನೀರಿಗೆ ಸೋಲಬಹುದು. ಕೃಷಿ ತ್ಯಾಜ್ಯದಿಂದ ಮಾಡಿದ ಅಗ್ಗದ ಇದ್ದಿಲಿನ ಬಗ್ಗೆಯೂ ಸಲಹೆ ಬರಬಹುದು. ನಮ್ಮ ವಿರೋಧವಿಲ್ಲ. ಆದರೆ ಅಂಥವನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸುವುದು ಹೆಚ್ಚಾಗಿ ಮಿಥಿಲೀನ್ ಬ್ಲೂ ಬಣ್ಣದ ಮೇಲೆ. ಅದಕ್ಕೆ ಧನ ವಿದ್ಯುದಾವೇಶ ಇದೆ, ಋಣ ಆವೇಶದ ಇದ್ದಿಲಿಗೆ ಬೇಗ ಅಂಟುತ್ತದೆ. ರಿಯಾಕ್ಟಿವ್ ಬಣ್ಣಗಳಿಗೆ ಇರುವುದು ಋಣ ಆವೇಶ. ಅದೇ ಇದ್ದಿಲು ಅವನ್ನು ದೂರ ತಳ್ಳಬಹುದು. ಆದ್ದರಿಂದ ಯಾವುದನ್ನೇ ಕೊಳ್ಳುವ ಮುಂಚೆ ನಮ್ಮದೇ ಘಟಕದ ನೀರಿನಲ್ಲಿ, ಅದರದೇ ಪಿಎಚ್‌ನಲ್ಲಿ (ಆಮ್ಲ-ಕ್ಷಾರದ ಮಟ್ಟದಲ್ಲಿ) ಪರೀಕ್ಷೆ ಆಗಲಿ.

ಟ್ಯಾಂಕ್ ಒಂದೇ ಇದ್ದರೆ ಸಾಲದು. ಒಂದರ ಹಿಂದೆ ಒಂದರಂತೆ ಎರಡು ಇರಲಿ. ಮೊದಲನೆಯದರಿಂದ ಬಣ್ಣ ಆಚೆ ಬರಲು ಶುರುವಾದರೂ ಎರಡನೆಯದು ತಡೆಯುತ್ತದೆ, ಕಾರ್ಬನ್ ಬದಲಿಸಲು ಸಮಯ ಸಿಗುತ್ತದೆ. ಟ್ಯಾಂಕಿಗೆ ಹೋಗುವ ನೀರಿನ ಕೆಸರನ್ನು ಮೊದಲೇ ಸೋಸಬೇಕು. ಇಲ್ಲದಿದ್ದರೆ ದುಬಾರಿ ಕಾರ್ಬನ್ ಸುಮ್ನೆ ಕಟ್ಟಿಕೊಂಡು ಹಾಳಾಗುತ್ತದೆ.

ಎರಡೂ ಟ್ಯಾಂಕ್‌ಗಳಿಂದ ಹೊರಬರುವ ನೀರಿನ ಬಣ್ಣವನ್ನು ದಿನಾ ಅಳೆದು, ಕಾರ್ಬನ್ ಬದಲಿಸಿದ ದಿನಾಂಕದ ಜೊತೆ ಘಟಕದ ಗೇಟಿನ ಬಳಿ ಬೋರ್ಡಿನಲ್ಲಿ ಬರೆಸಿ. ಬಣ್ಣ ಹಾಕುವಾಗ ಬಳಸುವ ಉಪ್ಪನ್ನು ಕಾರ್ಬನ್ ತೆಗೆಯುವುದಿಲ್ಲ. ನೀರು ತಿಳಿಯಾಗಿದ್ದರೂ ಹೊಲಕ್ಕೆ ಹಾನಿ ಮಾಡಬಹುದು. ಹಾಗಾಗಿ ಕರಗಿದ ಲವಣದ ಅಳತೆಯೂ ಅದೇ ಬೋರ್ಡಿನಲ್ಲಿ ಇರಲಿ.

ಬಳಸಿದ ಕಾರ್ಬನ್‌ನಲ್ಲಿ ಹಿಡಿದಿಟ್ಟ ಬಣ್ಣವೆಲ್ಲ ಇರುತ್ತದೆ. ಅದನ್ನು ಕಸದ ಗುಡ್ಡೆಗೆ ಸುರಿದರೆ ಮಳೆಯಲ್ಲಿ ಮತ್ತೆ ಹರಿದು ಬರಬಹುದು. ಹೆಚ್ಚಿನ ಶಾಖದಲ್ಲಿ ಮರುಜೀವ ಕೊಡುವ ಘಟಕಕ್ಕೆ ಅಥವಾ ಅಪಾಯಕಾರಿ ತ್ಯಾಜ್ಯ ವಿಲೇವಾರಿಗೆ ಕಳಿಸಿ, ರಸೀದಿ ಇಟ್ಟುಕೊಳ್ಳುವಂತೆ ಆದೇಶಿಸಿ.

ಮುಂದಿನ ಪರಿಶೀಲನೆಗೆ ಬರುವಾಗ ನಿವಾಸಿಗಳಲ್ಲಿ ಇಬ್ಬರನ್ನು ಜೊತೆಗೆ ಕರೆಯಿರಿ. ನೀರಿನ ಮಾದರಿಯನ್ನು ನಮ್ಮೆದುರೇ ತೆಗೆಯಬೇಕೆಂದು ಕೋರುತ್ತೇವೆ.

ವಂದನೆಗಳೊಂದಿಗೆ,
ಕಾಲುವೆ ದಂಡೆಯ ಬಡಾವಣೆಗಳ ನಿವಾಸಿಗಳು