ಹಳೆಯ ಗಾಡಿಯ ಸ್ಟೀರಿಂಗ್ ಆಯಿಲ್: ಪುಟ್ಟನಿಗೊಂದು ಪತ್ರ

ಚಿ. ಪುಟ್ಟನಿಗೆ ನಿನ್ನ ಮಾವ ಮಾಡುವ ಆಶೀರ್ವಾದಗಳು.

ಪವರ್ ಸ್ಟೀರಿಂಗಿಗೆ ಕೆಂಪು ಆಯಿಲ್ ಹಾಕಲೋ ಹಸಿರು ಹಾಕಲೋ ಎಂದು ಕೇಳಿದ್ದೀಯ. ಬಣ್ಣ ನೋಡಿ ತೀರ್ಮಾನ ಮಾಡಬೇಡಪ್ಪ. ಬಣ್ಣವೆಂದರೆ ಎಣ್ಣೆಗೆ ಬೆರೆಸಿದ ಡೈ, ಅದಕ್ಕಿಂತ ಹೆಚ್ಚೇನಿಲ್ಲ. ಸಿಟ್ರೊಯೆನ್ನಿನ ಹಳೆಯ ಗಾಡಿಗಳಿಗೆ ಹಾಕುವ ಎಲ್‌ಎಚ್‌ಎಂ ಹಸಿರು, ಅದು ಖನಿಜ ತೈಲ. ಎಷ್ಟೋ ಜರ್ಮನ್ ಗಾಡಿಗಳಿಗೆ ಹಾಕುವ ಪೆಂಟೋಸಿನ್ ಸಿಎಚ್‌ಎಫ್ 11ಎಸ್ ಕೂಡ ಹಸಿರೇ, ಆದರೆ ಅದು ಸಿಂಥೆಟಿಕ್. ಒಂದರ ಜಾಗಕ್ಕೆ ಇನ್ನೊಂದು ಆಗುವುದಿಲ್ಲ. ಮೇಲಾಗಿ ವರ್ಷಗಟ್ಟಲೆ ಓಡಿದ ಆಯಿಲ್ ಮೂಲದಲ್ಲಿ ಯಾವ ಬಣ್ಣದ್ದಾಗಿದ್ದರೂ ಕೊನೆಗೆ ಕಂದು ಬಣ್ಣಕ್ಕೇ ತಿರುಗುತ್ತದೆ.

ನೋಡಬೇಕಾದದ್ದು ಗಾಡಿ ತಯಾರಕರು ಹೇಳಿದ ಸ್ಪೆಸಿಫಿಕೇಶನ್. ಅದು ಬಾನೆಟ್ ಕೆಳಗಿನ ಸ್ಟೀರಿಂಗ್ ಆಯಿಲ್ ಡಬ್ಬಿಯ ಮುಚ್ಚಳದ ಮೇಲೆ ಇರುತ್ತದೆ, ಇಲ್ಲವೇ ಓನರ್ಸ್ ಮ್ಯಾನುಯಲ್‌ನ ಕೊನೆಯ ಪುಟಗಳಲ್ಲಿ ಆಯಿಲ್‌ಗಳ ಪಟ್ಟಿಯಲ್ಲಿರುತ್ತದೆ. ನಿನ್ನ ಗಾಡಿಯ ಮುಚ್ಚಳದಲ್ಲಿ ಅಕ್ಷರ ಅಳಿಸಿಹೋಗಿದೆ ಎಂದೆಯಲ್ಲ, ಒಣ ಬಟ್ಟೆಯಿಂದ ಜಿಡ್ಡು ಒರೆಸಿ, ಟಾರ್ಚನ್ನು ನೇರವಾಗಿ ಬಿಡದೆ ಪಕ್ಕದಿಂದ ಓರೆಯಾಗಿ ಹಿಡಿದು ನೋಡು. ಬಣ್ಣ ಹೋಗಿದ್ದರೂ ಉಬ್ಬಿದ ಅಕ್ಷರಗಳು ನೆರಳಿನಲ್ಲಿ ಕಾಣುತ್ತವೆ. ಮುಚ್ಚಳ ಮತ್ತು ಮ್ಯಾನುಯಲ್ ಎರಡೂ ಒಂದೇ ಮಾತು ಹೇಳಬೇಕು. ಹೇಳದಿದ್ದರೆ, ಹಿಂದಿನ ಮಾಲೀಕರು ಬೇರೆ ಗಾಡಿಯ ಡಬ್ಬಿಯನ್ನೋ ಪಂಪನ್ನೋ ಹಾಕಿಸಿರಬಹುದು. ಆಗ ಪಂಪು, ಚಕ್ರಗಳನ್ನು ತಿರುಗಿಸುವ ರ‍್ಯಾಕ್ ಯಾವ ಗಾಡಿಯವು ಎಂದು ಪಾರ್ಟ್ ನಂಬರ್ ಹಿಡಿದು ಪತ್ತೆ ಮಾಡದೆ ಆಯಿಲ್ ಕೊಳ್ಳಬೇಡ.

ಹಳೆಯ ಗಾಡಿಗಳಲ್ಲಿ ಮುಖ್ಯವಾಗಿ ಸಿಗುವ ಬಗೆಗಳು ಇವು. ಟೊಯೋಟಾ, ಸುಬಾರು ಮೊದಲಾದವುಗಳ ಹಳೆಯ ಮಾಡೆಲ್‌ಗಳಲ್ಲಿ ಬಹುಪಾಲಿಗೆ ಡೆಕ್ಸ್‌ರಾನ್-II ಅಥವಾ III, ಅಂದರೆ ಆಟೊಮ್ಯಾಟಿಕ್ ಗೇರ್‌ಬಾಕ್ಸಿಗೆ ಹಾಕುವ ಎಟಿಎಫ್ ಆಯಿಲೇ. ಹಳೆಯ ಫೋರ್ಡ್‌ಗಳಲ್ಲಿ ಟೈಪ್ ಎಫ್, ಆಮೇಲಿನವುಗಳಲ್ಲಿ ಮರ್ಕಾನ್. ಹೋಂಡಾದವರದು ಬೇರೆಯೇ ಹಾದಿ: ತಮ್ಮದೇ ಪವರ್ ಸ್ಟೀರಿಂಗ್ ಆಯಿಲ್ ಹಾಕಿ, ಎಟಿಎಫ್ ಬೇಡ ಎಂದು ಸ್ಪಷ್ಟವಾಗಿ ಹೇಳುತ್ತಾರೆ. ಫೋಕ್ಸ್‌ವ್ಯಾಗನ್ ಗುಂಪಿನ ಅನೇಕ ಗಾಡಿಗಳಿಗೆ ಜಿ 002 000 ಎಂಬ ಹಸಿರು ಆಯಿಲ್. ಬಿಎಂಡಬ್ಲ್ಯೂನಲ್ಲಿ ವರ್ಷ, ಮಾಡೆಲ್ ನೋಡಿ ಕೆಲವಕ್ಕೆ ಎಟಿಎಫ್, ಕೆಲವಕ್ಕೆ ಸಿಎಚ್‌ಎಫ್ 11ಎಸ್. ಹಾಗಾಗಿ ‘ಈ ಕಂಪನಿಯ ಗಾಡಿಗೆ ಇದೇ ಆಯಿಲ್’ ಎಂದು ಯಾರಾದರೂ ಬಾಯಿಮಾತಿನಲ್ಲಿ ಹೇಳಿದರೆ ನೆಚ್ಚಿಕೊಳ್ಳಬೇಡ.

ಹಳೆಯ ಗಾಡಿಯವರನ್ನು ನಿಜವಾಗಿ ಗೊಂದಲಕ್ಕೆ ಕೆಡವುವುದು ಡೆಕ್ಸ್‌ರಾನ್-III. ಜನರಲ್ ಮೋಟರ್ಸ್ ಅದರ ಲೈಸೆನ್ಸನ್ನು 2006ರ ಕೊನೆಗೆ ನಿಲ್ಲಿಸಿತು, ಅದರ ಬದಲಿಗೆ ಬಂದದ್ದು ಡೆಕ್ಸ್‌ರಾನ್-VI. ಈಗ ‘III’ ಎಂದು ಮಾರುವ ಆಯಿಲ್ಲಿಗೆ ಜಿಎಂನ ಮುದ್ರೆ ಇರುವುದಿಲ್ಲ, ‘ಡೆಕ್ಸ್‌ರಾನ್-III ಬೇಕಾದ ಕಡೆ ಬಳಸಬಹುದು’ ಎಂದು ಆಯಿಲ್ ಕಂಪನಿಯೇ ಕೊಟ್ಟ ಮಾತು ಮಾತ್ರ ಇರುತ್ತದೆ. ಆದ್ದರಿಂದ ಹೆಸರಿರುವ ಕಂಪನಿಯದನ್ನೇ ತೆಗೆದುಕೋ. VI ತೆಳುವು: 100 ಡಿಗ್ರಿ ಸೆಲ್ಸಿಯಸ್‌ನಲ್ಲಿ III ಸುಮಾರು 7ರಿಂದ 7.5 ಸೆಂಟಿಸ್ಟೋಕ್ಸ್ (ಎಣ್ಣೆಯ ಮಂದತನದ ಅಳತೆ) ಇದ್ದರೆ, VI 6.4ನ್ನು ಮೀರುವ ಹಾಗಿಲ್ಲ. ಪಂಪು ಹೊಸದಿದ್ದರೆ ಈ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಆದರೆ ಸವೆದ ಪಂಪಿನಲ್ಲಿ ತೆಳು ಎಣ್ಣೆ ಒಳಗಿನ ಸಂದುಗಳಲ್ಲೇ ಹಿಂದಕ್ಕೆ ನುಸುಳಿ ಒತ್ತಡ ಇಳಿಯುತ್ತದೆ. ಎಂಜಿನ್ ಬಿಸಿಯಾಗಿ ಐಡಲಿಂಗಿನಲ್ಲಿದ್ದಾಗ, ಪಾರ್ಕಿಂಗ್ ಮಾಡುವಾಗ ಸ್ಟೀರಿಂಗ್ ಬಿಗಿಯಾಗುತ್ತದೆ. ನಿನ್ನ ಗಾಡಿಯ ವಯಸ್ಸು ನೋಡಿದರೆ III ದರ್ಜೆಯದೇ ಇರಲಿ ಎಂಬುದು ನನ್ನ ಅಭಿಪ್ರಾಯ. ಇನ್ನೂ ಹಳೆಯ ಗಾಡಿಯ ಮ್ಯಾನುಯಲ್‌ನಲ್ಲಿ ‘ಟೈಪ್ ಎ’ ಎಂದಿದ್ದರೂ ಇಂದು ಹಾಕುವುದು ಇದನ್ನೇ.

‘ಎಲ್ಲ ಗಾಡಿಗಳಿಗೂ’ ಎಂದು ಬರೆದ ಬಾಟಲಿ ಕಂಡರೆ ಮುಂದಿನ ದೊಡ್ಡಕ್ಷರ ಬಿಡು, ಹಿಂದಿನ ಸಣ್ಣಕ್ಷರ ಓದು. ನಿನ್ನ ಸ್ಪೆಸಿಫಿಕೇಶನ್ನಿನ ಹೆಸರು ಅಲ್ಲಿ ಇದ್ದರೆ ಸರಿ, ಇಲ್ಲದಿದ್ದರೆ ವಾಪಸ್ ಇಡು.

ಎಂಥ ತುರ್ತಿನಲ್ಲೂ ಬ್ರೇಕ್ ಆಯಿಲ್ ಮಾತ್ರ ಹಾಕಬೇಡ. ಎರಡು ಡಬ್ಬಿಗಳೂ ಬಾನೆಟ್ ಕೆಳಗೆ ಹತ್ತಿರ ಹತ್ತಿರವೇ ಇರುತ್ತವೆ, ಅವಸರದಲ್ಲಿ ಕೈತಪ್ಪುವುದು ಸುಲಭ. ಡಾಟ್ 3, ಡಾಟ್ 4 ಬ್ರೇಕ್ ಆಯಿಲ್ ಗ್ಲೈಕಾಲ್‌ನಿಂದ ಆದದ್ದು, ಪೆಟ್ರೋಲಿಯಂ ಎಣ್ಣೆಯಲ್ಲ. ಸ್ಟೀರಿಂಗ್ ಪಂಪಿನ ಸೀಲುಗಳ ರಬ್ಬರು ಪೆಟ್ರೋಲಿಯಂ ಎಣ್ಣೆಗೆಂದೇ ಆರಿಸಿದ್ದು. ಗ್ಲೈಕಾಲ್ ತಾಗಿದರೆ ಅದು ಊದಿಕೊಂಡು ಮೆತ್ತಗಾಗುತ್ತದೆ, ಪಂಪಿನಿಂದ ರ‍್ಯಾಕ್‌ವರೆಗೆ ಒಂದೊಂದಾಗಿ ಸೋರಲು ಶುರುವಾಗುತ್ತದೆ. ಅದಲುಬದಲಾಗಿ ಬ್ರೇಕ್ ಡಬ್ಬಿಗೆ ಸ್ಟೀರಿಂಗ್ ಆಯಿಲ್ ಬಿದ್ದರೆ ಅಪಾಯ ಇನ್ನೂ ದೊಡ್ಡದು, ಬ್ರೇಕೇ ಕೈಕೊಡುತ್ತದೆ. ತಪ್ಪು ಆಯಿಲ್ ಬಿತ್ತೆಂದು ಗೊತ್ತಾದ ಕೂಡಲೇ ಎಂಜಿನ್ ಸ್ಟಾರ್ಟ್ ಮಾಡಬೇಡ, ಸ್ಟೀರಿಂಗನ್ನೂ ತಿರುಗಿಸಬೇಡ. ಡಬ್ಬಿಯಲ್ಲಿರುವಾಗಲೇ ಪೂರ್ತಿ ಹೀರಿ ತೆಗೆದರೆ ಬಹುತೇಕ ಪಾರಾಗಬಹುದು. ಪಂಪು ಒಂದು ಸುತ್ತು ತಿರುಗಿತೆಂದರೆ ಅದು ಎಲ್ಲ ಕಡೆ ಹರಡಿರುತ್ತದೆ.

ಇನ್ನು ನೀನು ಕೇಳದಿದ್ದರೂ ಹೇಳಲೇಬೇಕಾದ ಮಾತು. ಇದು ಮುಚ್ಚಿದ ವ್ಯವಸ್ಥೆ, ಆಯಿಲ್ ಉರಿದು ಕಡಿಮೆಯಾಗುವುದಿಲ್ಲ. ಮಟ್ಟ ಇಳಿದಿದೆ ಎಂದರೆ ಎಲ್ಲೋ ಸೋರುತ್ತಿದೆ. ಪಂಪಿನ ಶಾಫ್ಟ್ ಸೀಲ್, ಪ್ರೆಷರ್ ಹೋಸ್‌ನಲ್ಲಿ ರಬ್ಬರು ಕಬ್ಬಿಣದ ಪೈಪಿಗೆ ಸೇರುವ ಜಾಗ, ರ‍್ಯಾಕ್‌ನ ಎರಡು ತುದಿ, ಇವನ್ನು ಮೊದಲು ನೋಡು. ರ‍್ಯಾಕ್‌ನ ತುದಿಯ ಸೋರಿಕೆ ನೆಲಕ್ಕೆ ಬೀಳದೆ ರಬ್ಬರ್ ಬೂಟಿನೊಳಗೇ ತುಂಬಿಕೊಳ್ಳುತ್ತದೆ, ಹಾಗಾಗಿ ಬೂಟನ್ನು ಬೆರಳಿನಿಂದ ಒತ್ತಿ ನೋಡು, ಒಳಗೆ ಎಣ್ಣೆ ಕುಲುಕಿದರೆ ಸೀಲ್ ಹೋಗಿದೆ. ಬಿಸಿ ಎಗ್ಸಾಸ್ಟ್ ಪೈಪಿನ ಮೇಲೆ ತೊಟ್ಟಿಕ್ಕುತ್ತಿದ್ದರೆ ಬೆಂಕಿ ಹತ್ತಬಹುದು, ಅಂಥ ಗಾಡಿಯನ್ನು ಓಡಿಸಲೇಬೇಡ. ಸೋರಿಕೆ ನಿಲ್ಲಿಸುವ ಔಷಧಿಯೆಂದು ಮಾರುವ ಬಾಟಲಿಗಳು ಗಟ್ಟಿಯಾದ ಸೀಲನ್ನು ಊದಿಸುತ್ತವೆ, ಅಷ್ಟೇ. ಸೀಲ್ ತರಿಸುವವರೆಗೆ ನಾಲ್ಕು ದಿನ ತಳ್ಳಲು ಆದೀತು, ಅದನ್ನೇ ರಿಪೇರಿ ಎಂದುಕೊಂಡರೆ ರಬ್ಬರು ಮೆತ್ತಗಾಗಿ ಸೋರಿಕೆ ಮರಳಿ ಬರುತ್ತದೆ.

ಆಯಿಲ್‌ನ ಸ್ಥಿತಿ ನೋಡಲು ಬಿಳಿ ಕಾಗದದ ಮೇಲೆ ಒಂದು ಹನಿ ಬಿಡು. ಕರ‍್ರಗಿದ್ದು ಸುಟ್ಟ ವಾಸನೆ ಬಂದರೆ ಕಾಲ ಮೀರಿದೆ. ಮಿರಮಿರ ಮಿನುಗುವ ಪುಡಿ ಕಂಡರೆ ಪಂಪು ಸವೆಯುತ್ತಿದೆ. ಡಬ್ಬಿಯಲ್ಲಿ ನೊರೆ ಇದ್ದು ಸ್ಟೀರಿಂಗ್ ತಿರುಗಿಸುವಾಗ ಗೊರಗೊರ ಎಂದರೆ ಗಾಳಿ ಸೇರಿದೆ. ಡಬ್ಬಿಯಿಂದ ಪಂಪಿಗೆ ಹೋಗುವ ದಪ್ಪ ಹೋಸ್‌ನ ಕ್ಲ್ಯಾಂಪ್ ಸಡಿಲವಿದ್ದರೆ ಆಯಿಲ್ ಹೊರಗೆ ಬಾರದೆಯೂ ಗಾಳಿ ಒಳಗೆ ಎಳೆದುಕೊಳ್ಳುತ್ತದೆ. ಅನೇಕ ಡಬ್ಬಿಗಳ ತಳದಲ್ಲಿ ಸಣ್ಣ ಜಾಲರಿ ಇರುತ್ತದೆ, ಅದು ಕಟ್ಟಿಕೊಂಡರೂ ಇದೇ ಸದ್ದು. ಜಾಲರಿ ಬಿಚ್ಚಲು ಬರದಿದ್ದರೆ ಡಬ್ಬಿಯನ್ನೇ ಬದಲಿಸಬೇಕು. ಕಿರ‍್ರೆಂದು ಕಿರುಚಿದರೆ ಅದು ಆಯಿಲ್ಲಿನದಲ್ಲ, ಬೆಲ್ಟಿನದು.

ಈಗ ಬದಲಿಸುವ ಕೆಲಸ. ಒಳಗಿರುವುದು ಸರಿಯಾದ ಬಗೆಯದೇ, ಹಳತಾಗಿದೆ ಅಷ್ಟೇ ಎಂದಾದರೆ, ದೊಡ್ಡ ಸಿರಿಂಜಿಗೆ ಪ್ಲಾಸ್ಟಿಕ್ ನಳಿಕೆ ಸಿಕ್ಕಿಸಿ ಡಬ್ಬಿಯಲ್ಲಿರುವುದನ್ನು ಹೀರಿ ತೆಗೆ, ಹೊಸದನ್ನು ತುಂಬು, ಒಂದೆರಡು ದಿನ ಓಡಿಸಿ ಮತ್ತೆ ಹಾಗೇ ಮಾಡು. ಕಾರಿನ ಇಡೀ ವ್ಯವಸ್ಥೆಯಲ್ಲಿ ಸಾಮಾನ್ಯವಾಗಿ ಒಂದು ಲೀಟರ್ ಆಸುಪಾಸು ಇರುತ್ತದೆ. ಪ್ರತಿ ಸಲ ಮೂರನೇ ಒಂದು ಭಾಗ ಬದಲಾದರೆ, ಮೂರು ಸಲದ ಮೇಲೂ ಹಳೆಯದು ಶೇ. 30ರಷ್ಟು ಉಳಿಯುತ್ತದೆ, ಐದು ಸಲಕ್ಕೆ ಶೇ. 13ಕ್ಕೆ ಇಳಿಯುತ್ತದೆ. ಎರಡು ಲೀಟರ್ ತಂದಿಟ್ಟುಕೋ.

ಒಳಗೆ ಯಾವುದಿದೆಯೋ ತಿಳಿಯದಿದ್ದರೆ ಈ ವಿಧಾನ ಸಾಲದು, ಪೂರ್ತಿ ತೊಳೆಯಬೇಕು. ಮುಂದಿನ ಚಕ್ರಗಳನ್ನು ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸು, ಬರೀ ಜಾಕ್ ನಂಬಿ ಕೈ ಹಾಕಬೇಡ. ಡಬ್ಬಿಗೆ ವಾಪಸ್ ಬರುವ, ಕ್ಲ್ಯಾಂಪ್ ಹಾಕಿದ ರಿಟರ್ನ್ ಹೋಸ್ ಬಿಚ್ಚಿ ಒಂದು ಬಾಟಲಿಗೆ ಬಿಡು, ಡಬ್ಬಿಯಲ್ಲಿ ಆ ಹೋಸ್ ಕಳಚಿದ ತೂತಿಗೆ ಬಿರಡೆ ಹಾಕು. ಎಂಜಿನ್ ಆಫ್ ಇರಲಿ, ಸ್ಟೀರಿಂಗ್ ಲಾಕ್ ಬಿಡಿಸುವಷ್ಟು ಮಾತ್ರ ಕೀ ತಿರುಗಿಸು. ಒಬ್ಬರು ಸ್ಟೀರಿಂಗನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನವಾಗಿ ತಿರುಗಿಸುತ್ತಿರಲಿ, ಇನ್ನೊಬ್ಬರು ಡಬ್ಬಿ ಬರಿದಾಗದಂತೆ ಹೊಸದನ್ನು ಸುರಿಯುತ್ತಿರಲಿ. ಹೊಸ ಆಯಿಲ್ ಶುಭ್ರವಾಗಿ ಬರುವವರೆಗೆ ಇದು ನಡೆಯಬೇಕು. ಕೆಲಸ ಬೇಗ ಆಗಲೆಂದು ಎಂಜಿನ್ ಓಡಿಸುವವರಿದ್ದಾರೆ. ಡಬ್ಬಿ ಕ್ಷಣದಲ್ಲಿ ಖಾಲಿಯಾಗಿ ಪಂಪು ಒಣಗಿ ಓಡುತ್ತದೆ, ನೀನು ಹಾಗೆ ಮಾಡಬೇಡ.

ಹೋಸ್ ಜೋಡಿಸಿದ ಮೇಲೆ, ಎಂಜಿನ್ ಆಫ್ ಇದ್ದಂತೆಯೇ ಇನ್ನೂ 15–20 ಸಲ ತಿರುಗಿಸಿ ಗಾಳಿ ತೆಗೆ. ಆಮೇಲೆ ಸ್ಟಾರ್ಟ್ ಮಾಡಿ ಮತ್ತೆ ನಿಧಾನಕ್ಕೆ ತಿರುಗಿಸು. ಕೊನೆಯ ತುದಿಯಲ್ಲಿ ಐದು ಸೆಕೆಂಡಿಗಿಂತ ಹೆಚ್ಚು ಒತ್ತಿ ಹಿಡಿಯಬೇಡ, ಅಲ್ಲಿ ಪಂಪಿನ ಒತ್ತಡ ಗರಿಷ್ಠಕ್ಕೇರಿ ಆಯಿಲ್ ಕುದಿಯುವಂತೆ ಬಿಸಿಯಾಗುತ್ತದೆ. ನೊರೆ ಬಂದರೆ ಆಫ್ ಮಾಡಿ ಒಂದು ಗಂಟೆ ಬಿಡು. ಎಂಜಿನ್ ನಿಲ್ಲಿಸಿದ ತಕ್ಷಣ ಡಬ್ಬಿಯಲ್ಲಿ ಮಟ್ಟ ಮೇಲೇರಿದರೆ ಒಳಗೆ ಇನ್ನೂ ಗಾಳಿ ಇದೆ ಎಂದರ್ಥ, ಮತ್ತೆ ತೆಗೆಯಬೇಕು. ಮಟ್ಟ ನೋಡುವ ಕಡ್ಡಿಯ ಮೇಲೆ ಬಿಸಿ, ತಣ್ಣಗೆ ಎಂದು ಎರಡು ಗುರುತು ಇರುತ್ತವೆ, ತಣ್ಣಗಿರುವಾಗ ಬಿಸಿಯ ಗುರುತಿನವರೆಗೆ ತುಂಬಿದರೆ ಓಡುವಾಗ ಹೊರಗೆ ಚೆಲ್ಲುತ್ತದೆ.

ಎಲ್ಲ ಮುಗಿದ ಮೇಲೆ ಹಾಕಿದ ಆಯಿಲ್ಲಿನ ಪೂರ್ತಿ ಹೆಸರು, ತಾರೀಖು, ಕಿಲೋಮೀಟರ್ ಬರೆದ ಚೀಟಿಯನ್ನು ಪ್ಲಾಸ್ಟಿಕ್ ಸುತ್ತಿ ಡಬ್ಬಿಯ ಕತ್ತಿಗೆ ಕಟ್ಟು. ಮುಚ್ಚಳಕ್ಕೆ ಕಟ್ಟಿದರೆ ಬೆಲ್ಟಿಗೆ ತಾಗೀತು. ಮುಚ್ಚಳದ ಮೇಲೆ ಓರೆ ಬೆಳಕಿನಲ್ಲಿ ಏನು ಕಂಡಿತೆಂದು ಬರಿ, ಆಯಿಲ್ ಕೊಳ್ಳುವ ಮುಂಚೆಯೇ.

ಇತಿ,
ನಿನ್ನ ಮಾವ