ಮಗಳಿಗೊಂದು ಪತ್ರ: ಅಂಗದನ ಅರ್ಥ ಹೇಳಿದ ರಾತ್ರಿ

ಚಿರಂಜೀವಿ ಮಗಳಿಗೆ ಅಪ್ಪನ ಆಶೀರ್ವಾದಗಳು.

ನಿನ್ನೆ ಸಂಜೆ ಮಾವೇಲಿ ರೈಲು ಕಾಸರಗೋಡು ನಿಲ್ದಾಣವನ್ನು ಬಿಡುವವರೆಗೂ ನಾನು ನಿನ್ನೊಡನೆ ಸರಿಯಾಗಿ ಮಾತನಾಡಲಿಲ್ಲ. ಹಿಂದಿನ ರಾತ್ರಿ ನಡೆದುದನ್ನೆಲ್ಲ ಮತ್ತೆ ಬರೆಯುವುದು ಬೇಡ. ಎರ್ನಾಕುಳದ ಹೈಕೋರ್ಟಿನಲ್ಲಿ ವಾದಿಸುವುದು ನಿನ್ನಿಂದಾಗದು ಎಂದೆನಲ್ಲ, ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೇನೆ.

ನಿನಗೆ ಇದುವರೆಗೆ ಹೇಳದ ಸಂಗತಿಯೊಂದಿದೆ. ಭಜನಾ ಮಂದಿರದಲ್ಲಿ ವೇಷವಿಲ್ಲದೆ ಕುಳಿತು ನಡೆಸುವ ತಾಳಮದ್ದಳೆಗೆ ಅಂಗದನ ಅರ್ಥ, ಅಂದರೆ ಆ ಪಾತ್ರದ ಮಾತು, ಹೇಳಬೇಕಾದವರು ಮಳೆಯಿಂದ ಬಾರದೆ ಹೋದಾಗ, ಭಾಗವತರು ಹದಿನಾಲ್ಕು ವರ್ಷದ ನಿನ್ನನ್ನು ಕರೆದು ಕೂರಿಸಿದರು. ಮದ್ದಳೆಯ ಮುಂದಿದ್ದ ನಾನು ಬೇಡವೆನ್ನಲು ಅರ್ಧ ಎದ್ದಿದ್ದೆ. ಅಷ್ಟರಲ್ಲಿ ಅವರು ಪದ್ಯ ಎತ್ತಿಕೊಂಡರು. ನನ್ನ ಪೆಟ್ಟು ತಪ್ಪಿತು. ನೀನು ಚಾಪೆಯ ಅಂಚಿನ ಎಳೆಗಳನ್ನು ಒಂದೊಂದಾಗಿ ಕೀಳುತ್ತಿದ್ದೆ. ತಂದೆಯನ್ನು ಕೊಂದವನ ದೂತನಾಗಿ ಬರಲು ನಾಚಿಕೆಯಾಗಲಿಲ್ಲವೇ ಎಂದು ರಾವಣನ ಅರ್ಥಧಾರಿಗಳು ಕೇಳಿದೊಡನೆ ಆ ಬೆರಳುಗಳು ನಿಂತವು. "ಸಾಯುವ ಹೊತ್ತಿನಲ್ಲಿ ನನ್ನನ್ನು ರಾಮನ ಕೈಗೆ ಒಪ್ಪಿಸಿದವನೇ ನನ್ನ ತಂದೆ, ಅವನ ಕೊನೆಯ ಮಾತನ್ನು ನಡೆಸುವುದಕ್ಕೆ ನಾಚಿಕೆ ಏಕೆ?" ಎಂದೆ.

ತಾಳಮದ್ದಳೆಯಲ್ಲಿ ಪುಸ್ತಕದಲ್ಲಿರುವುದು ಪದ್ಯ ಮಾತ್ರ. ಅರ್ಥವನ್ನು ಕುಳಿತಲ್ಲಿಯೇ ಕಟ್ಟಬೇಕು, ಎದುರಾಳಿ ಏನು ಕೇಳುತ್ತಾನೆಂದು ಮುಂಚಿತವಾಗಿ ತಿಳಿದಿರುವುದಿಲ್ಲ. ನೆಂಟರು ಬಂದರೆ ಬಾಗಿಲ ಮರೆಗೆ ಸರಿಯುತ್ತಿದ್ದ ನಿನ್ನೊಳಗೆ ಆ ಮಾತು ಎಲ್ಲಿತ್ತೆಂದು ನನಗೆ ಇಂದಿಗೂ ತಿಳಿಯದು. ಬರಬೇಕಾದವರು ಬಂದಿದ್ದರೆ ನಿನಗೂ ತಿಳಿಯುತ್ತಿರಲಿಲ್ಲ. ಮರುದಿನ ಊರವರು ನಾನೇ ಕಲಿಸಿದೆನೆಂದು ಹೊಗಳಿದಾಗ ನಾನು ಅಲ್ಲವೆನ್ನಲಿಲ್ಲ, ಸಂತೋಷದಿಂದ ಕೇಳಿಸಿಕೊಂಡೆ. ಅದಕ್ಕಾಗಿ ನಿನ್ನಲ್ಲಿ ಕ್ಷಮೆ ಕೇಳುತ್ತೇನೆ.

ನನ್ನ ಭಯಕ್ಕೂ ಒಂದು ಕಾರಣವಿದೆ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ, ಕಚೇರಿಯಿಂದ ಬಂದ ಮಲಯಾಳದ ಕಾಗದಗಳನ್ನು ಹಿಡಿದು ಓದಿ ಹೇಳುವವರನ್ನು ಹುಡುಕುತ್ತಿದ್ದ ನಿನ್ನ ಅಜ್ಜನನ್ನು ನೋಡುತ್ತ ಬೆಳೆದವನು ನಾನು. ತೆಂಕಣ ಕೇರಳಕ್ಕೆ ವರ್ಗವಾಗುತ್ತದೆಂದು ನಾನು ಬಡ್ತಿಯನ್ನು ಬಿಟ್ಟುಕೊಟ್ಟೆ. ಅಲ್ಲಿಗೆ ಹೋಗಿದ್ದರೆ ನನ್ನಿಂದ ಏನಾಗುತ್ತಿತ್ತೆಂದು ಈಗ ತಿಳಿಯುವಂತಿಲ್ಲ.

ಉಪದೇಶ ಮಾಡಬಾರದೆಂದೇ ಬರೆಯಲು ಕುಳಿತೆ, ಆದರೂ ಹೇಳುತ್ತೇನೆ. ಮಲಯಾಳ ತಪ್ಪಾಗುತ್ತದೆಂದು ಬಾಯಿ ಮುಚ್ಚಿಕೊಳ್ಳಬೇಡ. ಎದುರಿನ ವಕೀಲರ ಮಾತು ಮುಗಿಯುವ ಮೊದಲೇ ಉತ್ತರ ಹೊಸೆಯಬೇಡ. ಆ ರಾತ್ರಿ ನೀನು ಗೆದ್ದದ್ದು ಕೇಳಿಸಿಕೊಂಡದ್ದರಿಂದ. ಹಿರಿಯ ವಕೀಲರು ಯಾವ ಕಡತ ಕೊಟ್ಟರೂ ಗೊತ್ತಿಲ್ಲವೆಂದು ಹಿಂದಿರುಗಿಸಬೇಡ. ಹೊತ್ತಿಗೆ ಸರಿಯಾಗಿ ಊಟ ಮಾಡು.

ಆಟಿ ತಿಂಗಳಲ್ಲಿ ಮಂದಿರದಲ್ಲಿ ಮತ್ತೆ ಅದೇ ಪ್ರಸಂಗವಿದೆ. ರಜೆ ಸಿಗುವುದಾದರೆ ಬರೆದು ತಿಳಿಸು. ಅಂಗದನ ಅರ್ಥಕ್ಕೆ ಇನ್ನೂ ಯಾರನ್ನೂ ಕೇಳಿಲ್ಲ.

ಇಂತು,
ನಿನ್ನ ಅಪ್ಪ